ಅತ್ತೆ ಕೊಟ್ಟ ಉಲ್ಲೇಖಗಳು

ನನ್ನ ಹೆಸರಿನಲ್ಲಿ ಒಂದಿಷ್ಟು ಸಂಶೋಧನಾ ಲೇಖನಗಳಿವೆ. ನಾನು ಡಾಕ್ಟರು, ಬಾಯಿಯ ಕ್ಯಾನ್ಸರ್ ನನ್ನ ವಿಷಯ. ನಾವು ಬರೆದದ್ದನ್ನು ಬೇರೆಯವರು ತಮ್ಮ ಲೇಖನದಲ್ಲಿ ಹೆಸರಿಸಿದರೆ ಅದೊಂದು ಉಲ್ಲೇಖ. ಕಾಲೇಜಿನಲ್ಲಿ ಬಡ್ತಿ, ಮರ್ಯಾದೆ ಎರಡೂ ಅದರ ಮೇಲೇ ನಿಂತಿರುತ್ತವೆ. ಇದನ್ನೆಲ್ಲ ಶಿರಸಿಯಲ್ಲಿದ್ದ ಅತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, ಒಮ್ಮೆ ಬಿಡಿಸಿ ಹೇಳಿದೆ. ಪೇಟೆಯ ಅವಳ ಮನೆಯಲ್ಲಿದ್ದುಕೊಂಡೇ ನಾನು ಓದಿದ್ದು. ಅಂದಿನಿಂದ ನನ್ನನ್ನು ಎಲ್ಲರಿಗಿಂತ ಹೆಚ್ಚು ಉಲ್ಲೇಖಿಸಿದವಳು ಅವಳೇ.

ಆದರೆ ಎಲ್ಲವೂ ಸುಳ್ಳು ಉಲ್ಲೇಖ. ಬೆಳಗ್ಗೆ ಕಷಾಯ ಕುಡಿಯದಿದ್ದರೆ ಬುದ್ಧಿ ಮಂದವಾಗುತ್ತದೆ, ಒದ್ದೆ ತಲೆಯಲ್ಲಿ ಫೋನು ಹಿಡಿಯಬಾರದು, ಹಲಸಿನ ಹಣ್ಣು ತಿಂದ ಕೂಡಲೇ ಮಲಗಬಾರದು. ಯಾರಾದರೂ ಅನುಮಾನಪಟ್ಟರೆ "ನಮ್ಮ ಕೂಸು ಬರದ್ದು" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದಳು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಪ್ರತಿ ಸಲವೂ ನಡುವೆ ಬಾಯಿ ಹಾಕಿ, ನಾನು ಹಾಗೆ ಬರೆದೇ ಇಲ್ಲ ಎಂದು ತಿದ್ದುತ್ತಿದ್ದೆ. ಬಂದವರೆಲ್ಲ ನಕ್ಕು ಅತ್ತೆಯ ಮಾತನ್ನೇ ನಂಬಿ ಹೋಗುತ್ತಿದ್ದರು. ಓದದೆಯೇ ಉಲ್ಲೇಖಿಸುವವರು ನಮ್ಮ ವಿದ್ವಾಂಸರಲ್ಲೇನು ಕಡಿಮೆಯೇ ಎಂದು ಈಗ ಅನಿಸುತ್ತದೆ.

ನಾನು ನಿಜಕ್ಕೂ ಬರೆದದ್ದು ಕವಳದ ಬಗ್ಗೆ. ಎಲೆ, ಅಡಿಕೆ, ಸುಣ್ಣಕ್ಕೆ ತಂಬಾಕು ಸೇರಿಸಿ ಜಗಿಯುವ ನಮ್ಮೂರ ಕವಳ. ಅಡಿಕೆ ಮಾರಿ ಓದಿಸಿದ ಮನೆಯವಳೇ ಹೀಗೆ ಬರೆದಳಲ್ಲ ಎಂದು ಕೆಲವು ನೆಂಟರು ಮುಖ ತಿರುಗಿಸಿದರು. ಅತ್ತೆ ಮಾತ್ರ ಆ ಲೇಖನದ ಸುದ್ದಿಯನ್ನೇ ಎತ್ತಲಿಲ್ಲ. ಊಟವಾಗುತ್ತಲೇ ಕವಳದ ತಟ್ಟೆ ಎಳೆದುಕೊಳ್ಳುತ್ತಿದ್ದಳು. ಒಂದು ದಿನ ಅವಳು ಬಾಯ್ತುಂಬ ನಗುವಾಗ ಕೆನ್ನೆಯ ಒಳಗೊಂದು ಬಿಳಿ ಮಚ್ಚೆ ಕಂಡಿತು. ಅಂಥದು ಕೆಲವೊಮ್ಮೆ ಕ್ಯಾನ್ಸರಿಗೆ ತಿರುಗುತ್ತದೆ. ಬಾಯಿ ತೆರೆದು ತೋರಿಸು ಅಂದರೆ, ಹಲ್ಲು ನೋಡಿ ಕೊಳ್ಳುವುದಕ್ಕೆ ತಾನೇನು ಎತ್ತೇ ಎಂದು ಹಾಸ್ಯ ಮಾಡಿದಳು. ಎಷ್ಟು ಸಲ ಕೇಳಿದರೂ ಅದೇ ಉತ್ತರ.

ಯಲ್ಲಾಪುರದಲ್ಲಿ ನೆಂಟರ ಮನೆಯ ಉಪನಯನಕ್ಕೆ ಇಬ್ಬರೂ ಹೋಗಿದ್ದೆವು. ಊಟ ಮುಗಿದು ಕವಳದ ತಟ್ಟೆ ಬಂತು. ಕವಳ ಹಾಕಿದರೆ ಜೀರ್ಣಕ್ಕೆ ಒಳ್ಳೆಯದೆಂದು ನಾನೇ ಬರೆದಿದ್ದೇನೆ ಅಂತ ಅತ್ತೆ ಪಕ್ಕದವರಿಗೆ ಹೇಳುತ್ತಿದ್ದಳು. ನನ್ನ ತಾಳ್ಮೆ ತಪ್ಪಿತು.

"ಅತ್ತೆ, ಆನು ಬರದ್ದು ಅದಲ್ಲ. ಕವಳ ಹಾಕಿ ಹಾಕಿ ತುತ್ತು ನುಂಗಲೂ ಆಗದವರ ಬಾಯಿ ನೋಡಿ ಬರದ್ದು. ನಿನ್ನ ಬಾಯಿನೂ ಹಾಂಗೇ ಆದ್ರೆ ಆನು ಎಂತ ಮಾಡ್ಲಿ?"

ಅಷ್ಟು ಜನರ ನಡುವೆ ನನಗೆ ಅಳು ಬಂದುಬಿಟ್ಟಿತು. ಅತ್ತೆ ಕೈಯಲ್ಲಿದ್ದ ಎಲೆಯನ್ನು ತಟ್ಟೆಗೇ ಇಟ್ಟಳು. ಶಿರಸಿಯ ಬಸ್ಸು ಹಿಡಿದೆವು. ಮನೆಗೆ ಬಂದವಳೇ ಬೆಳಕಿದ್ದ ಕಿಟಕಿಯ ಹತ್ತಿರ ಕೂತು, "ನೋಡು" ಎಂದು ಬಾಯಿ ತೆರೆದಳು.

ಮಚ್ಚೆಯ ಚೂರು ತೆಗೆದು ಪರೀಕ್ಷೆ ಮಾಡಿಸಿದೆ. ಪುಣ್ಯಕ್ಕೆ ಅದಿನ್ನೂ ಕ್ಯಾನ್ಸರ್ ಆಗಿರಲಿಲ್ಲ. ಅತ್ತೆ ಕವಳ ಬಿಟ್ಟಳು. ಬಾಯಿ ಸುಮ್ಮನಿರಬೇಕಲ್ಲ, ಏಲಕ್ಕಿ ಹಾಕಿಕೊಳ್ಳತೊಡಗಿದಳು. ಕೇಳಿದವರಿಗೆಲ್ಲ "ಕವಳದ ಬದಲು ಏಲಕ್ಕಿ ಹಾಕವು ಹೇಳಿ ನಮ್ಮ ಕೂಸು ಬರದ್ದು" ಎಂದು ಹೊಸ ಉಲ್ಲೇಖ ಶುರುವಾಯಿತು. ಏಲಕ್ಕಿ ಹಾಕಬೇಕೆಂದು ನಾನು ಒಂದು ಸಾಲೂ ಬರೆದವಳಲ್ಲ. ಅದನ್ನೂ ತಿದ್ದಿದೆ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಮೇಲೂ ಬಹಳ ವರ್ಷ ಇದ್ದು, ವಯಸ್ಸಾಗಿ, ಮಲಗಿದಲ್ಲೇ ಹೋದಳು. ನಾನು ಪ್ರೊಫೆಸರಾದೆ. ಕವಳದ ಲೇಖನಕ್ಕೆ ಹೊಸ ಉಲ್ಲೇಖ ಸಿಕ್ಕಿದೆ ಎಂದು ಫೋನಿನಲ್ಲಿ ಆಗಾಗ ಸಂದೇಶ ಬರುತ್ತದೆ. ನೋಡಿ ಪಕ್ಕಕ್ಕಿಡುತ್ತೇನೆ. ನನ್ನ ಹೆಸರು ಹೇಳಿ ಜಗಳ ಗೆಲ್ಲುತ್ತಿದ್ದ ಅತ್ತೆ ಆಗ ತುಂಬಾ ನೆನಪಾಗುತ್ತಾಳೆ.

ಹೋದ ತಿಂಗಳು ಸಹೋದ್ಯೋಗಿಯೊಬ್ಬರ ಜೊತೆ ಶಿರಸಿ ಹತ್ತಿರದ ಹೆಗಡೆಕಟ್ಟಾದ ಒಂದು ಮನೆಗೆ ಊಟಕ್ಕೆ ಹೋಗಿದ್ದೆ. ಆ ಮನೆಯವರಿಗೆ ನನ್ನ ಪರಿಚಯವಿರಲಿಲ್ಲ. ಊಟವಾದ ಮೇಲೆ ಬಂದ ಕವಳದ ತಟ್ಟೆಯಲ್ಲಿ ಒಂದು ಬಟ್ಟಲು ಏಲಕ್ಕಿಯೂ ಇತ್ತು. ಮನೆಯಾಕೆ ಆ ಬಟ್ಟಲನ್ನೇ ನನ್ನ ಕಡೆ ಸರಿಸಿದರು.

"ಕವಳಕ್ಕಿಂತ ಇದು ಒಳ್ಳೇದಡ. ಯಾರೋ ನಮ್ಮ ಬದಿ ಡಾಕ್ಟರೇ ಬರದ್ದಡ."

ಹಾಗೆ ಯಾರೂ ಬರೆದಿಲ್ಲ ಎನ್ನಲು ಬಾಯಿ ತೆರೆದೆ. ಹೇಳುವ ಬದಲು ಒಂದು ಏಲಕ್ಕಿ ತೆಗೆದು ಬಾಯಿಗೆ ಹಾಕಿಕೊಂಡೆ.

"ಹೌದು," ಎಂದೆ, "ಆನೂ ಓದಿದ್ದೆ."