ತೂಬಿನ ಹಲಗೆ ಎತ್ತಿದ ಮಧ್ಯಾಹ್ನ

೧೯೫೮ರ ನವೆಂಬರಿನ ಒಂದು ಗುರುವಾರ, ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ಗದ್ದೆಗೆ ನೀರು ಬಂತು. ಆ ಹೊತ್ತು ಈಗಲೂ ನನ್ನನ್ನು ಬಿಟ್ಟಿಲ್ಲ.

ಕಾಸರಗೋಡಿನವಳಾದ ನಾನು ಆಗ ಎರ್ನಾಕುಳಂನಲ್ಲಿ ಪ್ರೈಮರಿ ಶಾಲೆಗಳ ಇನ್ಸ್‌ಪೆಕ್ಟರ್. ವಾರಕ್ಕೊಂದು ಮಧ್ಯಾಹ್ನ ಮಕ್ಕಳಿಗೆ ಪಾಠ, ಆಟ ಎರಡೂ ಬಯಲಿನಲ್ಲಿ ನಡೆಯಬೇಕು ಎಂಬ ಪ್ರಯೋಗವನ್ನು ಕೆಲವು ಶಾಲೆಗಳಲ್ಲಿ ಶುರುಮಾಡಿದ್ದೆವು. ನನ್ನ ವರದಿ ನೋಡಿ ತಿರುವನಂತಪುರದ ಮೇಲಧಿಕಾರಿ ಅದನ್ನು ಮುಂದುವರಿಸುವವರಿದ್ದರು, ಇಲ್ಲವೇ ನಿಲ್ಲಿಸುವವರಿದ್ದರು.

ಅಂದು ಹೋದದ್ದು ವಲ್ಲಾರ್ಪಾಡಂ ಕಡೆಯ ಒಂದು ಸಣ್ಣ ದ್ವೀಪಕ್ಕೆ. ಶಾಲೆಗೆ ಎರಡೇ ಕೋಣೆ, ಅಂಗಳವಿಲ್ಲ. ಹಿಂದೆ ಪೊಕ್ಕಾಳಿ ಗದ್ದೆ. ಮಳೆಗಾಲದಲ್ಲಿ ಅಲ್ಲಿ ಭತ್ತ. ಕೊಯ್ಲಾದ ಮೇಲೆ ತೂಬಿನ ಹಲಗೆ ಎತ್ತಿ ಕಡಲೇರಿದಾಗ ಬರುವ ಹಿನ್ನೀರಿನ ಭರತ ಒಳಗೆ ಬಿಟ್ಟು ಸಿಗಡಿ ಹಿಡಿಯುತ್ತಾರೆ. ನಡುವೆ ಕೆಲವು ದಿನ ಅದು ಒಣಗಿ ಬಿದ್ದಿರುತ್ತದೆ. ಆ ದಿನಗಳನ್ನೇ ನಾವು ಗದ್ದೆಯ ಒಡೆಯರಿಂದ ಕೇಳಿ ಪಡೆದಿದ್ದೆವು.

ತ್ರೇಸ್ಯಾ ಟೀಚರ್ ನಾಲ್ಕನೇ ಕ್ಲಾಸಿನ ಮಕ್ಕಳಿಂದ ಹಗ್ಗ ಹಿಡಿಸಿ ಗದ್ದೆ ಅಳೆಸುತ್ತಿದ್ದರು. ತೆಂಗಿನ ಸಾಲಿನಾಚೆಯಿಂದ ಯಾರೋ ಉದ್ದಕ್ಕೆ "ಕೂ..." ಎಂದು ಕೂಗಿದರು. ಮಕ್ಕಳಿಗೆ ಅಷ್ಟೇ ಸಾಕು. ಹಗ್ಗ ಎತ್ತಿ ಹಿಡಿದು ಎಲ್ಲರೂ ಒಟ್ಟಿಗೆ "ಕೂ...!" ಎಂದರು. ಟೀಚರೂ ನಾನೂ ನಕ್ಕೆವು.

ಮೊದಲು ಕಾಲುವೆಯಲ್ಲಿ ಸದ್ದು, ಆಮೇಲೆ ನೊರೆ. ಕಂದು ನೀರು ಕಾಲುವೆ ತುಂಬಿ ಗದ್ದೆಗೆ ಹರಡಿತು. ನಮ್ಮ ಪಾದ ಮುಚ್ಚಿದ್ದು ಕಂಡೆ. ಮತ್ತೆ ನೋಡುವಾಗ ಮಕ್ಕಳ ಮೊಣಕಾಲು ಕಾಣಿಸಲಿಲ್ಲ. ಕೆಳಗಿನ ಕೆಸರು ಕಾಲನ್ನು ಹೀರಿಕೊಳ್ಳುತ್ತಿತ್ತು. ನನಗೆ ಈಜು ಬಾರದು.

"ಕಯರ್ ವಿಡಲ್ಲೇ ಮಕ್ಕಳೇ, ವಿಡಲ್ಲೇ!" ಹಗ್ಗ ಬಿಡಬೇಡಿ ಎಂದು ತ್ರೇಸ್ಯಾ ಟೀಚರ್ ಕಿರುಚಿದರು. ಅವರು ಮುಂದೆ, ನಾನು ಹಿಂದೆ. ನಡುವೆ ಹಗ್ಗ ಹಿಡಿದ ಮಕ್ಕಳು ಬಿದ್ದು, ಎದ್ದು, ಅಳುತ್ತಾ ದಿಬ್ಬ ಹತ್ತಿದರು. ಎಣಿಸಿದೆವು. ಒಬ್ಬಳು ಕಡಿಮೆ.

"ಓಮನ ಎವಿಡೆ?" ಓಮನ ಎಲ್ಲಿ ಎಂದರು ಟೀಚರ್.

ಓಮನ ಕಾಲುವೆಯಾಚೆ ಒಂದು ಮಣ್ಣಿನ ಗುಪ್ಪೆಯ ಮೇಲೆ ನಿಂತಿದ್ದಳು. ನೀರು ಸೊಂಟದವರೆಗೆ. ಅಳುತ್ತಿರಲಿಲ್ಲ, ಕೂಗುತ್ತಿರಲಿಲ್ಲ, ನಮ್ಮನ್ನೇ ನೋಡುತ್ತಿದ್ದಳು. ಆ ಕಣ್ಣುಗಳೇ ಮುಂದೆ ನನ್ನ ನಿದ್ದೆ ಕೆಡಿಸಿದ್ದು.

ಮಕ್ಕಳ ಕಿರುಚಾಟಕ್ಕೆ ತೂಬು ನೋಡಿಕೊಳ್ಳುವ ಕುಂಞಪ್ಪನ್ ಹಲಗೆ ಇಳಿಸಿ, ದಿಬ್ಬದ ಮೇಲೆ ಓಡಿಬಂದು ಹಾರಿದ. ಅವಳನ್ನು ಹೆಗಲ ಮೇಲೆ ತಂದು ಇಳಿಸಿದವನೇ ಬೈದ: "ನಿಂಗಳ್ ತಿರಿಚ್ಚು ಕೂವಿಯಲ್ಲೋ ಟೀಚರೇ! ಪಿನ್ನೆ ಞಾನ್ ಎಂತು ಕರುದಣಂ?" ನೀವೇ ತಿರುಗಿ ಕೂಗಿದಿರಲ್ಲ, ಮತ್ತೆ ನಾನೇನೆಂದುಕೊಳ್ಳಲಿ ಎಂದು.

ತೂಬಿನ ಬಳಿಯಿಂದ ಗದ್ದೆ ಕಾಣಿಸುವುದಿಲ್ಲ. ಹಲಗೆ ಎತ್ತುವ ಮುಂಚೆ ಅವನು ಕೂಗಬೇಕು. ಗದ್ದೆಯಲ್ಲಿದ್ದ ಆಳುಗಳು ದಿಬ್ಬ ಹತ್ತಿದ ಮೇಲೆ ತಿರುಗಿ ಕೂಗಬೇಕು. ಅಲ್ಲಿಯ ಪದ್ಧತಿ ಅದು. ಟೀಚರ್ ಎರ್ನಾಕುಳಂ ಪೇಟೆಯವರು, ಮಕ್ಕಳಿಗೆ ಕೂಗು ಎಂದರೆ ಆಟ.

ಮರುವಾರ ತಿರುವನಂತಪುರದಲ್ಲಿ ಮೇಲಧಿಕಾರಿ ಆದೇಶದ ಕರಡು ಮುಂದಿಟ್ಟರು. ಶಾಲಾ ಹೊತ್ತಿನಲ್ಲಿ ಮಕ್ಕಳು ಕಟ್ಟಡದ ಹೊರಗೆ ಹೋಗಕೂಡದು, ಎಲ್ಲ ಶಾಲೆಗಳಿಗೂ. "ಸಹಿ ಹಾಕಿ. ಗೋಡೆ ಯಾರನ್ನೂ ಮುಳುಗಿಸುವುದಿಲ್ಲ," ಎಂದರು. ನನಗೂ ಹಾಗೇ ಅನಿಸಿತ್ತು. ಪೆನ್ನು ತೆಗೆದೂ ಇದ್ದೆ. ಓಮನಳ ತಾಯಿಯನ್ನು ಒಮ್ಮೆ ಕಂಡು ಬಂದು ಹಾಕುತ್ತೇನೆ ಎಂದೆ.

ದ್ವೀಪಕ್ಕೆ ಹೋದಾಗ ಶಾಲೆ ಬಿಟ್ಟಿತ್ತು. ಇನ್ನೂ ನೀರು ಬಿಡದ ಪಕ್ಕದ ಗದ್ದೆಯಲ್ಲಿ ಅದೇ ಮಕ್ಕಳು ಓಡುತ್ತಿದ್ದರು. ಜೊತೆಗೆ ದೊಡ್ಡವರು ಒಬ್ಬರೂ ಇಲ್ಲ. ದಿಬ್ಬದ ಮೇಲೆ ನಿಂತು ಅವರನ್ನು ಎಣಿಸಿದೆ. ಓಮನಳ ತಾಯಿ ಪಕ್ಕದಲ್ಲೇ ತೆಂಗಿನ ನಾರು ಹೊಡೆಯುತ್ತಿದ್ದರು.

"ಹೀಗೆ ಬಿಟ್ಟಿದ್ದೀರಲ್ಲ?" ಎಂದೆ.

"ಮತ್ತೆಲ್ಲಿ ಬಿಡಲಿ ಸಾರೇ? ಆ ಕಡೆ ಹಿನ್ನೀರು, ಈ ಕಡೆ ಹಿನ್ನೀರು. ನಿಮ್ಮ ಟೀಚರು ಇದ್ದ ದಿನ ನನಗೆ ಸ್ವಲ್ಪ ಧೈರ್ಯ ಇತ್ತು," ಎಂದರು ತಮ್ಮ ಮಲಯಾಳದಲ್ಲಿ. ಅಲ್ಲಿ ಹೆಂಗಸಾದರೂ ಅಧಿಕಾರಿ ಎಂದರೆ ಸಾರೇ.

ನಾನು ಸಹಿ ಹಾಕಲಿಲ್ಲ. ಆದೇಶ ಮಕ್ಕಳನ್ನು ಗದ್ದೆಯಿಂದ ತಪ್ಪಿಸುವುದಿಲ್ಲ, ಟೀಚರನ್ನಷ್ಟೇ ತಪ್ಪಿಸುತ್ತದೆ ಎಂದು ಬರೆದುಕೊಟ್ಟೆ. ಹೊರಗಿನ ಪಾಠ ಮುಗಿಯುವವರೆಗೆ ತೂಬಿನ ಬಳಿ ಶಾಲೆಯ ಪರವಾಗಿ ಒಬ್ಬರು ಕೂರಬೇಕು ಎಂಬ ಷರತ್ತನ್ನೂ ಸೇರಿಸಿದೆ. ಮೇಲಧಿಕಾರಿ ಎರಡು ಸಲ ಓದಿ, "ಮೊದಲ ದಿನ ಯಾರು ಕೂರುತ್ತಾರೆ?" ಎಂದು ಕೇಳಿದರು.

"ನಾನೇ."

ಡಿಸೆಂಬರಿನ ಒಂದು ಗುರುವಾರ ಪಕ್ಕದ ಗದ್ದೆಯಲ್ಲಿ ಪಾಠ ಮತ್ತೆ ಶುರುವಾಯಿತು. ನಾನು ಅದರ ತೂಬಿನ ಹಲಗೆಯ ಮೇಲೇ ಕೂತೆ. ಕೆಳಗೆ ಭರತದ ನೀರು ಮರವನ್ನು ಒತ್ತುತ್ತಿತ್ತು. ಆ ಒತ್ತಡ ನನ್ನ ಬೆನ್ನಿಗೆ ತಾಗಿದಂತಿತ್ತು. ಕುಂಞಪ್ಪನ್ ಬೀಡಿ ಹಚ್ಚಿ, "ಸಾರ್ ಎದ್ದರೆ ತಾನೇ ನಾನು ಎತ್ತುವುದು? ಹೆದರಬೇಡಿ," ಎಂದು ನಕ್ಕ. ನನಗೆ ನಗು ಬರಲಿಲ್ಲ. ಮಕ್ಕಳು ಸಾಲಾಗಿ ಶಾಲೆಗೆ ಮರಳುವವರೆಗೂ ಏಳಲಿಲ್ಲ.

ಮಕ್ಕಳನ್ನು ಬಯಲಿಗೆ ಕಳುಹಿಸುವ ಯೋಜನೆಯಲ್ಲಿ ಬಯಲಿನ ಬಗ್ಗೆ ನಾವು ಪುಟಗಟ್ಟಲೆ ಬರೆದಿದ್ದೆವು. ಆ ಬಯಲು ಬೇರೆ ಯಾರ ಕೈಯಲ್ಲಿದೆ ಎಂದು ಮಾತ್ರ ಕೇಳಿರಲಿಲ್ಲ. ಆಮೇಲೆ ಯಾವ ಶಾಲೆಗೆ ಹೋದರೂ ಅದನ್ನೇ ಮೊದಲು ಕೇಳಿದೆ.

ತೂಬಿನ ಬಳಿ ಕೂತು ಬಂದ ಮರುದಿನ ಬೆಳಗ್ಗೆ ನಮ್ಮ ಯಜಮಾನರು ನನ್ನನ್ನು ಅಲುಗಾಡಿಸಿದರು. "ಏಳು ಮಾರಾಯ್ತಿ, ಗಂಟೆ ಎಂಟಾಯ್ತು. ರಾತ್ರಿ ಒಂದು ಸಲವೂ ಎದ್ದು ಕೂತದ್ದಿಲ್ಲ ನೀನು." ಕಿಟಕಿಯಲ್ಲಿ ಬಿಸಿಲು ಬಂದಿತ್ತು. ಶುಕ್ರವಾರ. ಇನ್ನೊಂದು ಗಳಿಗೆ ಮಲಗಿದೆ.