ಅತ್ತೆಯ ಹೆಬ್ಬೆಟ್ಟು

ಗಂಡನಿಗೆ ನಾನು ಕೋರ್ಟಿನಿಂದ ಕಳಿಸಿದ ವಿಚ್ಛೇದನದ ನೋಟೀಸು ಎರಡು ಸಲ ವಾಪಸು ಬಂತು. ಎರಡರ ಮೇಲೂ ಒಂದೇ ಷರಾ: ಮನೆಯಲ್ಲಿ ಇಲ್ಲ. ಎಲ್ಲಿಂದ ಇದ್ದಾನು? ಆ ಮಹಾರಾಯ ಲಿಂಗಸುಗೂರಿನಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿ ನಾಲ್ಕು ವರ್ಷವಾಗಿತ್ತು. ಅದು ಯಾವ ಓಣಿಯ ಯಾವ ಮನೆ ಎಂದು ನನಗೆ ಹೇಳುವ ಪುಣ್ಯಾತ್ಮರು ಯಾರೂ ಇರಲಿಲ್ಲ. ಗದ್ದೆ ನೋಡುವ ನೆಪದಲ್ಲಿ ಆಗೀಗ ಗೊರೇಬಾಳಕ್ಕೆ, ತಾಯಿಯ ಮನೆಗೆ ಬಂದು ಹೋಗುತ್ತಿದ್ದ. ನಾನು ಮಸ್ಕಿಯ ತವರಿನಲ್ಲಿ, ಗಂಡನಿದ್ದವಳೂ ಅಲ್ಲ, ಬಿಟ್ಟವಳೂ ಅಲ್ಲ, ಓಣಿಯ ಬಾಯಿಗೆ ಎಲೆ ಅಡಿಕೆಯಾಗಿ ಕುಳಿತಿದ್ದೆ.

"ಈ ಸಲ ನೋಟೀಸು ಮುಟ್ಟಿಸೋ ಕೋರ್ಟಿನ ಅಮೀನರ ಜೋಡಿ ನೀವಾ ಹೋಗಿ ಮನಿ ತೋರಿಸ್ರಿ," ಎಂದರು ಸಿಂಧನೂರಿನ ವಕೀಲರು. "ಅವ ಇಲ್ಲಂದ್ರ ಮನ್ಯಾಗಿನ ದೊಡ್ಡವರ ಕೈಯಾಗ ಕೊಟ್ಟು ಸಹಿ ತಗೊಳ್ರಿ. ಇಲ್ಲಾಂದ್ರ ಇದು ಹಿಂಗಾ ಎಳಕೋತ ಹೋಗತೈತಿ."

ಗೊರೇಬಾಳದ ಆ ಮನೆಯಲ್ಲಿ ದೊಡ್ಡವರು ಎಂದರೆ ನನ್ನ ಅತ್ತೆ ಒಬ್ಬರೇ. ಅವರಿಗೆ ಸಹಿ ಬಾರದು. ಹನ್ನೊಂದು ವರ್ಷ ಅವರಿಗೆ ಅಕ್ಷರ ಎಂದರೆ ನಾನೇ. ಪಿಂಚಣಿ, ಪಡಿತರ, ಬ್ಯಾಂಕು, ಯಾವ ಕಾಗದ ಬಂದರೂ ಎಡಗೈ ಹೆಬ್ಬೆರಳು ಚಾಚಿ, "ಎಲ್ಲಿ ಒತ್ತಲಿ ಬೇ?" ಎನ್ನುತ್ತಿದ್ದರು. ನಾನು ಜಾಗ ತೋರಿಸುತ್ತಿದ್ದೆ. ಒತ್ತಿದ ಮೇಲೆ ಬೆರಳಿನ ಮಸಿಯನ್ನು ನನ್ನ ಸೆರಗಿನಿಂದಲೇ ಒರೆಸುತ್ತಿದ್ದೆ. ಮಗನ ಕಾಗದಕ್ಕೆ ಮಾತ್ರ ಅವರು ಬೆರಳು ಕೊಡುತ್ತಿರಲಿಲ್ಲ. ಹಿಂದೊಮ್ಮೆ ಅವನು ಸುಳ್ಳು ಹೇಳಿ ಹೊಲದ ಕಾಗದಕ್ಕೆ ಒತ್ತಿಸಿಕೊಂಡಿದ್ದ.

ಆಟೋದಲ್ಲಿ ಅಮೀನರು ನನಗೆ ಬುದ್ಧಿ ಹೇಳಿದರು. "ನೋಡಮ್ಮಾ, ಜಾಸ್ತಿ ಮಾತಾಡಬ್ಯಾಡ್ರಿ. ಒತ್ತಿಸಿಕೊಂಡು ಬಂದುಬಿಡೂಣು. ಓದಿ ಹೇಳಾಕ ಹೋದ್ರ ಮುದುಕಿ ಒಲ್ಲೆ ಅಂತಾಳ." ನಾನು ಹೂಂ ಎಂದೆ. ನಿಜ ಹೇಳುತ್ತೇನೆ, ಮನಸ್ಸಿಟ್ಟೇ ಹೂಂ ಎಂದೆ. ನನಗೆ ಸಾಕಾಗಿಹೋಗಿತ್ತು.

ಅತ್ತೆ ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ನನ್ನನ್ನು ಕಂಡವರೇ ಮೊರ ಬಿಟ್ಟು ಎದ್ದರು.

"ನಿಂದ್ರು ಅಲ್ಲೇ! ಒಳಗ ಕಾಲಿಡಬ್ಯಾಡ!"

ಅತ್ತೆ ನಮ್ಮನ್ನು ಓಡಿಸುತ್ತಿದ್ದಾರೆ ಎಂದುಕೊಂಡು ಅಮೀನರು ಷರಾ ಬರೆಯಲು ಪೆನ್ನು ತೆಗೆದರು. ನನಗೆ ಮಾತ್ರ ಗೊತ್ತಾಯಿತು. ಅಯ್ಯೋ ಶಿವನೇ, ಬೇಡವಾಗಿತ್ತು ಎನ್ನಿಸಿತು. ಅತ್ತೆ ಒಳಗೆ ಓಡಿ, ಒಂದು ಕೈಯಲ್ಲಿ ರೊಟ್ಟಿಯ ಚೂರು, ಇನ್ನೊಂದರಲ್ಲಿ ತಂಬಿಗೆ ನೀರು ಹಿಡಿದು ಬಂದರು. ಬಹಳ ದಿನಕ್ಕೆ ಮನೆಗೆ ಬಂದ ಮಗಳನ್ನೋ ಸೊಸೆಯನ್ನೋ ನಮ್ಮಲ್ಲಿ ದೃಷ್ಟಿ ತೆಗೆಯದೆ ಒಳಗೆ ಕರೆಯುವುದಿಲ್ಲ.

"ನಾಯಿ ಕಣ್ಣು, ನರಿ ಕಣ್ಣು, ಮಂದಿ ಕಣ್ಣು..." ಎಂದು ರೊಟ್ಟಿ ನಿವಾಳಿಸಿ ಬೀದಿಗೆ ಎಸೆದರು. ನನ್ನ ಕಾಲಿಗೆ ನೀರು ಹಾಕಿದರು. "ಬಂದೇನವ್ವಾ? ಬರ್ತಾಳ, ಬರ್ತಾಳ ಅಂತ ನಾ ಎಲ್ಲಾರಿಗೂ ಹೇಳಾಕತ್ತಿದ್ದೆ ನೋಡು. ಎಷ್ಟು ಸೊರಗೀದಿ ಬೇ!"

ಒದ್ದೆ ಕಾಲಿನಲ್ಲೇ ಒಳಗೆ ಹೋದೆ. ಅಮೀನರು ಹಿಂದೆಯೇ ಬಂದು ಕಾಗದ ಬಿಚ್ಚಿ, ಮಸಿಯ ಡಬ್ಬಿ ತೆರೆದಿಟ್ಟರು. ಅತ್ತೆ ಅದೇನೆಂದು ಕೇಳಲೂ ಇಲ್ಲ. ಹೆಬ್ಬೆರಳಿಗೆ ಮಸಿ ಹಚ್ಚಿಕೊಂಡು ನನ್ನ ಮುಖ ನೋಡಿದರು.

"ಎಲ್ಲಿ ಒತ್ತಲಿ ಬೇ?"

ರೂಢಿಯ ಕೈ, ತಾನೇ ಹೋಗಿ ಜಾಗ ತೋರಿಸಿತು. ಬೆರಳು ಕಾಗದಕ್ಕೆ ತಾಗಬೇಕು ಎನ್ನುವಷ್ಟರಲ್ಲಿ ಅವರ ಮುಂಗೈ ಹಿಡಿದುಬಿಟ್ಟೆ.

"ಬ್ಯಾಡ್ರಿ ಅತ್ತಿ. ಇದು ನಿಮ್ಮ ಮಗನ್ನ ಬಿಡಾಕ ಸೋಡಚೀಟಿ ಕೇಳಿ ನಾ ಹಾಕಿದ ಕಾಗದ. ನಾ ಇರಾಕ ಬಂದಿಲ್ರಿ."

ಅಮೀನರು ಹಣೆ ಚಚ್ಚಿಕೊಂಡರು. ಅತ್ತೆಯ ಮಸಿ ಹತ್ತಿದ ಬೆರಳು ಹಾಗೇ ಮೇಲಿತ್ತು. ಬೈಯಲಿ, ಶಪಿಸಲಿ ಎಂದು ಕಾದೆ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ಅವನ ಕಾಗದ ನನ್ನ ಕೈಯಾಗ ಯಾಕ?"

"ಅವ ತಗೊಳ್ಳವಲ್ಲ್ರಿ."

"ನಾ ಒತ್ತಿದ್ರ ನಿನಗ ಬಿಡುಗಡಿ ಆಗತೈತೇನು?"

"ಹಾದಿ ಆಗತೈತ್ರಿ."

ಅತ್ತೆ ಬಾಗಿಲಿನಿಂದ ಒಳಗೆ ಬಂದ ನನ್ನ ಒದ್ದೆ ಹೆಜ್ಜೆಗಳ ಕಡೆ ನೋಡಿದರು. ಆಮೇಲೆ ಬೆರಳನ್ನು ಮತ್ತೆ ಮಸಿಗೆ ಅದ್ದಿದರು. "ಅವ ಸುಳ್ಳು ಹೇಳಿ ಒತ್ತಿಸಿಕೊಂಡ. ನೀ ಖರೇ ಹೇಳೀದಿ. ತೋರಿಸು, ಎಲ್ಲಿ?"

ನಾನು ತೋರಿಸಿದೆ, ಅವರು ಒತ್ತಿದರು. ಎಂದಿನಂತೆ ಅವರ ಬೆರಳು ಒರೆಸಲು ಸೆರಗು ಮುಂದೆ ಹಿಡಿದೆ. ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡರು.

"ಇರಲಿ ಬಿಡವ್ವಾ," ಎಂದರು. "ಇನ್ನ ನಾನಾ ಒರೆಸಿಕೊಳ್ಳೋದು ಕಲೀಬೇಕಲ್ಲ."