ಜೊಳ್ಳು ಹೂವು

ದುರಗಮ್ಮನ ಲೆಕ್ಕದಲ್ಲಿ ಜಗತ್ತಿಗೆ ಎರಡೇ ಭಾಗ: ಗಟ್ಟಿ ಮತ್ತು ಜೊಳ್ಳು. ಮರಳಿ ಎಂಬ ಊರಿನ ಗದ್ದೆಗಳಲ್ಲಿ ಭತ್ತ ನಾಟಿ ಮಾಡಿ, ಕೊಯ್ದು, ಬಡಿದು, ಮೊರ ಎತ್ತಿ ಗಾಳಿಗೆ ತೂರಿಯೇ ಆಯುಷ್ಯ ಕಳೆದ ಹೆಂಗಸು ಆಕೆ. ಕಾಳು ತುಂಬಿದ್ದು ಕಾಲ ಬುಡದಲ್ಲಿ ಬೀಳುತ್ತದೆ, ಒಳಗೆ ಏನೂ ಇಲ್ಲದ್ದು ಗಾಳಿಯ ಬೆನ್ನು ಹತ್ತಿ ಹೋಗುತ್ತದೆ. ಮನುಷ್ಯರನ್ನೂ ಆಕೆ ಹಾಗೇ ತೂರಿ ನೋಡುತ್ತಿದ್ದಳು. ಸೊಸೆ ಸುರೇಖಾ ಗಟ್ಟಿ. ಮಗ ದುರಗೇಶನೂ ಗಟ್ಟಿ, ಆದರೆ ಬಾಯಿ ಸ್ವಲ್ಪ ಜಾಸ್ತಿ. ಜೊಳ್ಳು ಅಂದರೆ ಗಂಡ ಹೊಳಿಯಪ್ಪ.

ಹಾಗಂತ ಹೊಳಿಯಪ್ಪ ಕುಡುಕನಲ್ಲ, ಜಗಳಗಂಟನೂ ಅಲ್ಲ. ಅವನ ತಪ್ಪು ಒಂದೇ, ನಿಂತು ನೋಡುವುದು. ಕಾಲುವೆಯ ತೂಬು ತೆರೆಯುವ ಕೂಲಿ ಸಿಕ್ಕಿದ್ದಾಗ ತೂಬು ತೆರೆದು, ಹರಿಯುವ ನೀರು ನೋಡುತ್ತ ನಿಂತುಬಿಡುತ್ತಿದ್ದ. ಅಷ್ಟರಲ್ಲಿ ಯಾರದೋ ಗದ್ದೆ ತುಂಬಿ ಬದು ಒಡೆಯುತ್ತಿತ್ತು. ಬೈಗುಳ ಯಾರಿಗೆ? ದುರಗಮ್ಮನಿಗೆ. ಅಂದಿನಿಂದ ಆಕೆ ಊರಿಗೆಲ್ಲ ಕೇಳುವಂತೆ, "ನಮ್ಮನಿ ಜೊಳ್ಳು ಎಲ್ಲಿ ನಿಂತೈತೋ ನೋಡ್ರಿ" ಎಂದೇ ಅವನನ್ನು ಹುಡುಕಿಸುತ್ತಿದ್ದಳು. ಅವನೂ ಆ ಹೆಸರಿಗೆ ಓಗೊಡುತ್ತಿದ್ದ, ಪುಣ್ಯಾತ್ಮ.

ದುರಗೇಶನಿಗೆ ಕುಷ್ಟಗಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಕೆಲಸ. ಊರ ಅಂಚಿನಲ್ಲಿ ಎರಡು ಖೋಲಿಯ ಮನೆ ಕಟ್ಟಿಸಿ ಹೋದ ವರ್ಷ ಅಪ್ಪ ಅವ್ವನನ್ನು ಕರೆತಂದ. ಮನೆಗೂ ಗೇಟಿಗೂ ನಡುವೆ ಒಂದಿಷ್ಟು ಕೆಂಪು ಮಣ್ಣಿನ ಅಂಗಳ ಇತ್ತು. ಮೊದಲ ದಿನವೇ ದುರಗಮ್ಮ ಒಂದು ಮುಷ್ಟಿ ಮಣ್ಣು ಹಿಡಿದು ಮೂಸಿ, "ಇದು ನಂದು" ಅಂದಳು. ಯಾರೂ ಎದುರಾಡಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ಆಕೆಯ ಕೈಗೆ ಹತ್ತಿದ್ದೆಲ್ಲ ಕೆಸರೇ, ಮೊಸರು ಮಾತ್ರ ಬೇರೆಯವರ ಬಾಯಿಗೆ ಹೋಗಿತ್ತು. ತನ್ನದು ಅನ್ನುವ ಒಂದು ಬದನೆ ಗಿಡವೂ ಹುಟ್ಟಿದಾಗಿನಿಂದ ಆಕೆಗೆ ಇರಲಿಲ್ಲ.

ಸಂಕ್ರಾಂತಿ ಮುಗಿಯುತ್ತಲೇ ಅಗೆದಳು. ಗೋಡೆಗುಂಟ ಕನಕಾಂಬರ, ಬಾಗಿಲ ಬಲಕ್ಕೆ ಮಲ್ಲಿಗೆ, ಬಚ್ಚಲ ನೀರು ಹರಿಯುವ ಕಡೆ ಪುಂಡಿಪಲ್ಯ, ಮೆಣಸಿನಕಾಯಿ ಮತ್ತು ಬದನೆ. ನಟ್ಟನಡುವೆ ಕುಂಬಳ. ಅದರ ಬೀಜ ಕೊಟ್ಟವನು ತಳ್ಳುಗಾಡಿಯ ಮೇಲೆ ಕಾಯಿಪಲ್ಯ ಮಾರಿಕೊಂಡು ಬರುವ ನಜೀರಸಾಬ. "ಕನಕಗಿರಿ ಸಂತಿ ಬೀಜ ಐತವ್ವಾ, ಹಾಕಿ ನೋಡು, ಕಾಯಿ ಎತ್ತಾಕ ಇಬ್ಬರು ಬೇಕು" ಎಂದಿದ್ದ.

ಶಿವರಾತ್ರಿ ಕಳೆದು ಬಿಸಿಲು ಏರಿತು. ನಳದ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ದುರಗಮ್ಮ ಅಕ್ಕಿ ತೊಳೆದ ನೀರು, ಪಾತ್ರೆ ಗಲಬರಿಸಿದ ನೀರು ಯಾವುದನ್ನೂ ಬಿಡಲಿಲ್ಲ. ಕೈಕಾಲು ತೊಳೆಯುವವರನ್ನೂ "ಏ, ಅಲ್ಲಿ ಬ್ಯಾಡ, ಗಿಡದ ಬುಡಕ್ಕ ನಿಂದರ್ರಿ" ಎಂದು ಎಳೆದು ನಿಲ್ಲಿಸುತ್ತಿದ್ದಳು. ಮೆಣಸಿನ ಸಸಿ ಸುಟ್ಟುಹೋಯಿತು. ಬದನೆಗೆ ಹುಳ ಬಿತ್ತು. ಪುಂಡಿಪಲ್ಯ ಎರಡು ಸಲ ಸಾರಿಗೆ ಬಂತು. ಮಲ್ಲಿಗೆ ಮಾತ್ರ ಧಗೆ ಹೆಚ್ಚಿದಷ್ಟೂ ಅರಳಿತು. ಇನ್ನು ಕುಂಬಳದ ಬಳ್ಳಿ, ಅಬ್ಬಬ್ಬಾ! ಅಂಗಳವನ್ನು ನುಂಗಿ, ಗೇಟು ಹತ್ತಿ, ದುರಗೇಶನ ಮೋಟರ್ ಸೈಕಲ್ಲಿನ ಗಾಲಿಗೂ ಒಂದು ಸುತ್ತು ಹಾಕಿತು.

ಯುಗಾದಿಯ ಹೊತ್ತಿಗೆ ಹೂ ಬಿಟ್ಟಿತು. ಅಂಗೈಯಗಲದ ಅರಿಶಿನದ ಹೂಗಳು. ಹೊಳಿಯಪ್ಪನಿಗೆ ಹಬ್ಬವೋ ಹಬ್ಬ, ಚಹಾ ಹಿಡಿದುಕೊಂಡು ಕಟ್ಟೆಯ ಮೇಲೆ ನೋಡುತ್ತ ಕುಳಿತರೆ ಚಹಾ ಆರಿದ್ದೇ ಗೊತ್ತಾಗುತ್ತಿರಲಿಲ್ಲ. ದುರಗಮ್ಮ ಕುಳಿತು ನೋಡುವವಳಲ್ಲ, ಬಗ್ಗಿ ನೋಡುವವಳು. ಕೆಲವು ಹೂಗಳ ಹಿಂದೆ ಗೋಲಿಯಷ್ಟು ಹೀಚು ಇತ್ತು. ಬಹಳ ಹೂಗಳ ಹಿಂದೆ ಏನೂ ಇಲ್ಲ, ಉದ್ದನೆಯ ತೊಟ್ಟು ಅಷ್ಟೇ.

"ನೋಡಿದ್ರೇನು? ಇವೆಲ್ಲಾ ಜೊಳ್ಳು ಹೂವು" ಅಂದಳು. "ಕಾಯಿ ಇಲ್ಲ, ಕಸ ಇಲ್ಲ. ಸುಮ್ನ ಬಳ್ಳಿ ಕಸುವು ತಿಂತಾವು."

ಹೀಚು ಇಲ್ಲದ ಹೂಗಳನ್ನೆಲ್ಲ ಚಟಚಟ ಕಿತ್ತು ಪಕ್ಕದ ಮನೆಯ ಮೇಕೆಗೆ ಹಾಕಿದಳು.

"ಇರಲಿ ಬಿಡು ದುರಗಿ, ಛಂದ ಕಾಣತಾವು" ಎಂದ ಹೊಳಿಯಪ್ಪ.

"ಛಂದ ಹೊಟ್ಟಿ ತುಂಬತೈತೇನು? ಜೊಳ್ಳಿಗೆ ಜೊಳ್ಳಿನ ಮ್ಯಾಲ ಮಮಕಾರ!"

ಅಂದಿನಿಂದ ಅದೇ ಆಕೆಯ ಮುಂಜಾನೆಯ ಕೆಲಸವಾಯಿತು. ಅರಳಿದ್ದಷ್ಟೇ ಅಲ್ಲ, ಜೊಳ್ಳು ಮೊಗ್ಗನ್ನೂ ಹುಡುಕಿ ಕೀಳುತ್ತಿದ್ದಳು. ಹೊಲ ಹಸನು ಮಾಡಿದ ಕೈ ಅದು, ಒಂದನ್ನೂ ಬಿಡಲಿಲ್ಲ.

ಆದರೆ ಹೀಚುಗಳು ಒಂದೊಂದಾಗಿ ಹಳದಿಯಾಗಿ, ಮೆತ್ತಗಾಗಿ ಉದುರತೊಡಗಿದವು. ಯಾರೋ ಬೆರಳು ಮಾಡಿದ್ದಾರೆ ಎಂದಳು ದುರಗಮ್ಮ. ಎಳೆಯ ಕಾಯಿಗೆ ಬೆರಳು ಮಾಡಿ ತೋರಿಸಿದರೆ ಅದು ಕೊಳೆಯುತ್ತದೆ, ತೋರಿಸಲೇಬೇಕಾದರೆ ಬೆರಳು ಮಡಚಿ ಗೆಣ್ಣಿನಿಂದ ತೋರಿಸಬೇಕು. ಇದು ಎಲ್ಲರಿಗೂ ಗೊತ್ತಿದ್ದ ಮಾತು. ಕರಿ ಗಡಿಗೆಗೆ ಸುಣ್ಣದ ಬೊಟ್ಟಿಟ್ಟು ನಿಲ್ಲಿಸಿದಳು. ಹರಕು ಚಪ್ಪಲಿ ಕಟ್ಟಿದಳು. ಬಂದ ನೆಂಟರ ಕೈಗಳನ್ನೇ ಕಾದಳು. ಸುರೇಖಾಳ ತಂಗಿ ಪಾಪ, ಬಳೆ ಸರಿಮಾಡಿಕೊಳ್ಳಲು ಕೈ ಎತ್ತಿದ್ದಕ್ಕೆ ಬೈಸಿಕೊಂಡಳು. ಹೀಚು ಉದುರುವುದು ನಿಲ್ಲಲಿಲ್ಲ.

ದುರಗೇಶ ನಗುತ್ತಿದ್ದ. ಕೊನೆಗೆ ಒಂದು ದಿನ ಬಳ್ಳಿ ಕಾಲಿಗೆ ತೊಡರಿ ಮುಗ್ಗರಿಸಿದಾಗ ಅವನ ನಗು ಹೋಯಿತು.

"ಯವ್ವಾ, ಸಾಕಿನ್ನ. ಬರೇ ಎಲಿ ಸಾಕಾಕತ್ತೀ. ಇಲ್ಲೆಲ್ಲಾ ಫರಸಿಕಲ್ಲು ಹಾಕಸ್ತೀನಿ. ಗಾಡಿ ನಿಲ್ಲಸಾಕೂ ಆತು, ಸಂಜಿಕ ಕುಂದರಾಕೂ ಆತು."

"ಫರಸಿ ಹಾಕಿದ್ರ ಮಣ್ಣು ಎಲ್ಲಿ ಉಳಿತೈತೋ?"

"ಬಸವ ಜಯಂತಿತನಕ ಬಿಡ್ತೀನಿ. ಒಂದ, ಬರೇ ಒಂದ ಕಾಯಿ ತೋರ್ಸು. ಇಲ್ಲಂದ್ರ ಅವತ್ತ ಗೌಂಡಿನ ಕರಕೊಂಡು ಬರ್ತೀನಿ."

ಮಗ ಕೆಟ್ಟವನಲ್ಲ. ಮನೆ ಅವನದು, ಮಾತೂ ಸರಿಯೇ. ಅದಕ್ಕೇ ದುರಗಮ್ಮನಿಗೆ ಹೆಚ್ಚು ದುಃಖವಾಯಿತು. ಜಗಳ ಮಾಡಲೂ ಜಾಗವಿಲ್ಲ. ಆ ಸಂಜೆ ಬಳ್ಳಿಯ ಬುಡದಲ್ಲಿ ಕುಳಿತು, ಬೆರಳಿನಿಂದ ಮಣ್ಣು ಸಡಿಲ ಮಾಡುತ್ತ ಮಾಡುತ್ತ ಕಣ್ಣೀರು ಹಾಕಿದಳು. ಇಷ್ಟು ಮಣ್ಣಾದರೂ ತನಗೆ ದಕ್ಕಲಿಲ್ಲವಲ್ಲ!

ಬಸವ ಜಯಂತಿಗೆ ಇನ್ನು ಹದಿನೈದು ದಿನ ಉಳಿದಿತ್ತು. ಒಂದು ಮುಂಜಾನೆ ನಜೀರಸಾಬ ಗೇಟಿನ ಹತ್ತಿರ ಗಾಡಿ ನಿಲ್ಲಿಸಿದಾಗ ದುರಗಮ್ಮ ಸೆರಗಿನ ತುಂಬ ಹೂವು ಕಿತ್ತುಕೊಂಡು ನಿಂತಿದ್ದಳು. ಬೀಜ ಕೊಟ್ಟವನು ಕಣ್ಣಿಗೆ ಬಿದ್ದನಲ್ಲ, ಸಿಟ್ಟೆಲ್ಲ ಅವನ ಮೇಲೆ ತಿರುಗಿತು.

"ಏನ್ ಬೀಜ ಕೊಟ್ಟಿಯೋ ನಜೀರಣ್ಣಾ! ಬರೇ ಜೊಳ್ಳು ಹೂವು. ದಿನಾ ಕಿತ್ತು ಕಿತ್ತು ಸಾಕಾತು."

ನಜೀರಸಾಬ ಸೆರಗಿನೊಳಗೆ ಇಣುಕಿದ. ಅವನ ಕೈಯಲ್ಲಿದ್ದ ತಕ್ಕಡಿ ಹಾಗೇ ನಿಂತಿತು.

"ಇವನ್ನ ದಿನಾ ಕಿತ್ತೀಯೇನವ್ವಾ?"

"ಮತ್ತ? ಸಾಕಿ ಸಲುಹಬೇಕೇನು?"

"ಯಾ ಅಲ್ಲಾ! ಇವು ಗಂಡು ಹೂವು ತಾಯಿ! ಇದರ ಪುಡಿ ಹೆಣ್ಣು ಹೂವಿಗೆ ತಾಗಿದ್ರನ ಕಾಯಿ ಕಚ್ಚೂದು. ಮನಿಯಾಗಿನ ಗಂಡಸರನ್ನೆಲ್ಲಾ ಹೊರಗ ಹಾಕಿ, ಮೊಮ್ಮಕ್ಕಳು ಬರಲಿಲ್ಲ ಅಂತ ಅಳತೀಯಲ್ಲ!"

ಒಳಗಿದ್ದ ಸುರೇಖಾ ಕಿಸಕ್ಕನೆ ನಕ್ಕಳು. ದುರಗಮ್ಮನಿಗೆ ನಗು ಬರಲಿಲ್ಲ. ಸೆರಗು ಕೈಯಿಂದ ಜಾರಿ ಹೂವೆಲ್ಲ ನೆಲಕ್ಕೆ ಬಿದ್ದವು. ಭತ್ತದಲ್ಲಿ ಗಂಡು ಬೇರೆ ಹೆಣ್ಣು ಬೇರೆ ಎಂದು ಆಕೆ ಯಾವತ್ತೂ ಕಂಡವಳಲ್ಲ. ಅಲ್ಲಿ ಖಾಲಿ ಅಂದರೆ ಖಾಲಿಯೇ.

ನಜೀರಸಾಬ ಬಳ್ಳಿಯ ನಡುವೆ ಕಾಲಿಟ್ಟು ಹುಡುಕಿದ. ಹೀಚು ಇದ್ದ ಒಂದು ಮೊಗ್ಗು ಉಬ್ಬಿ ನಿಂತಿತ್ತು. "ಇದು ನಾಳಿ ಮುಂಜಾನಿ ಅರಳತೈತಿ. ಈ ಬಿಸಲಾಗ ಜೇನು ಬರೂದು ಕಷ್ಟ, ನೀನ ಕೈಲಿ ತಾಗಸ್ಬೇಕು. ಅವತ್ತ ಅರಳಿದ ಗಂಡು ಹೂವು ಒಂದರ ಬೇಕು, ಇವತ್ತಿಂದು ನಡಿಯಂಗಿಲ್ಲ."

ಒಂದಾದರೂ ಎಲ್ಲಿಂದ ತರುವುದು? ನಾಳೆಯ ಮೊಗ್ಗುಗಳನ್ನೂ ಹೂವಿನ ಜೊತೆಗೇ ಕಿತ್ತಾಗಿತ್ತು. ದುರಗಮ್ಮ ಎಲೆ ಎಲೆ ಸರಿಸಿ ನೋಡಿದಳು. ಇರಲಿಲ್ಲ. "ನನ್ನ ಕೈಯಾರೆ ಹಾಳು ಮಾಡಿದೆನಲ್ಲೋ ದೇವರೇ" ಎಂದು ಅಲ್ಲೇ ಕುಸಿದು ಕುಳಿತಳು.

ಕಟ್ಟೆಯ ಮೇಲಿದ್ದ ಹೊಳಿಯಪ್ಪ ಕೆಮ್ಮಿದ. ಚಹಾದ ಲೋಟ ಕೆಳಗಿಟ್ಟ. ಮತ್ತೆ ಎತ್ತಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಅವನು ನಿಜವಾಗಿಯೂ ಹೆಗಲ ಮೇಲಿನ ಟವೆಲ್ಲು ಮುಟ್ಟಿಕೊಂಡ.

"ಏನ್ರಿ ಅದು?" ಎಂದಳು ದುರಗಮ್ಮ.

"ಬೈಬ್ಯಾಡ ಮತ್ತ... ಒಂದು ಕುಡಿ ಬಚ್ಚಲದ ತಗಡಿನ ಮ್ಯಾಲ ಹಚ್ಚೀನಿ. ನಿನ್ನ ಕೈ ಅಲ್ಲಿತನಕ ಬರಂಗಿಲ್ಲಂತ. ಜಳಕಾ ಮಾಡುವಾಗ ಒಂದರ ಹೂವು ಕಾಣಲಿ ಅಂತ ಆಸೆ ಆತು. ನಾಕೈದು ಮೊಗ್ಗು ಅದಾವು. ನಾಳಿಗೆ ಒಂದು ಅರಳಬೌದು."

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಯಾರು ಕಟ್ಟಿದರೋ, ದುರಗಮ್ಮನ ಮನೆ ನೋಡಿಯೇ ಕಟ್ಟಿರಬೇಕು. ಆಕೆ ಸೆರಗು ಕೊಡವಿ ಎದ್ದಳು.

ಮರುದಿನ ಮೂಡಣ ಕೆಂಪೇರುವ ಹೊತ್ತಿಗೆ ಹೊಳಿಯಪ್ಪ ಬಟ್ಟೆ ಒಗೆಯುವ ಕಲ್ಲು ಹತ್ತಿ ತಗಡಿನ ಮೇಲೆ ಕೈ ಚಾಚಿದ. "ಬಿದ್ದೀರಿ! ಮೆಲ್ಲಕ!" ಎಂದು ದುರಗಮ್ಮ ಅವನ ಧೋತರದ ಚುಂಗು ಹಿಡಿದು ನಿಂತಳು. ಒಂದು ಹೂವು ಅರಳಿತ್ತು. ಅದನ್ನು ಗುಡಿಯ ಪ್ರಸಾದದಂತೆ ಎರಡೂ ಕೈಯಲ್ಲಿ ಹಿಡಿದು ಇಳಿದ. ನಜೀರಸಾಬ ಹೇಳಿದಂತೆ ಪಕಳೆ ಬಿಡಿಸಿ, ನಡುವಿನ ಹಳದಿ ಪುಡಿಯ ಕಡ್ಡಿಯನ್ನು ಆಕೆಗೆ ಕೊಡಲು ಬಂದ.

"ನೀವ ತಾಗಸ್ರಿ" ಎಂದಳು.

ಅವನು ಮೊಣಕಾಲೂರಿ, ಉಸಿರು ಬಿಗಿಹಿಡಿದು, ಹೆಣ್ಣು ಹೂವಿನ ಒಳಗೆ ಮೆಲ್ಲಗೆ ಸವರಿದ. ದುರಗಮ್ಮ ಒಳಗೆ ಓಡಿಹೋಗಿ ನಾಲ್ಕು ಕಾಳು ಅಕ್ಕಿ ತಂದು ಮೇಲೆ ಹಾಕಿದಳು. "ಲಗ್ನ ಅಂದಮ್ಯಾಲ ಅಕ್ಕಿಕಾಳು ಬ್ಯಾಡೇನು?" ಇಬ್ಬರೂ ನಕ್ಕರು. ಬಹಳ ದಿನವಾಗಿತ್ತು ಹಾಗೆ ನಕ್ಕು.

ಆಮೇಲಿನ ದಿನಗಳು ದುರಗಮ್ಮನಿಗೆ ಹೆರಿಗೆ ಮನೆಯ ಹೊರಗೆ ಕಾಯ್ದ ಹಾಗೆ ಇದ್ದವು. ಹೂವು ಬಾಡಿತು. ಹೀಚು ಹಳದಿಯಾದೀತೆಂದು ಹತ್ತು ಸಲ ನೋಡಿದಳು. ಆಗಲಿಲ್ಲ. ತೊಟ್ಟು ದಪ್ಪವಾಯಿತು, ಕಾಯಿ ನಿಂಬೆಹಣ್ಣಿನಷ್ಟಾಗಿ, ಆಮೇಲೆ ತಂಬಿಗೆಯಷ್ಟಾಯಿತು. ಯಾರ ಕಣ್ಣಿಗೂ ಬೀಳದಂತೆ ಎಲೆ ಮುಚ್ಚಿಟ್ಟು, ಮಗನಿಗೂ ಬಾಯಿ ಬಿಡಲಿಲ್ಲ.

ಬಸವ ಜಯಂತಿಯ ದಿನ ದುರಗೇಶ ಹೇಳಿದಂತೆಯೇ ಗೌಂಡಿ ಆಂಜನೇಯನನ್ನು ಕರೆತಂದ. ಆಂಜನೇಯ ಟೇಪು ಹಿಡಿದು ಅಂಗಳ ಅಳೆದ. ಸುಣ್ಣದ ಪುಡಿಯಿಂದ ಗೆರೆ ಎಳೆಯುತ್ತ ಬಂದವನು ಬಳ್ಳಿಯ ನಡುವೆ ಕಾಲಿಡಬೇಕು, "ಅಲ್ಲೇ ನಿಂದರಪಾ!" ಎಂದು ದುರಗಮ್ಮ ಕೂಗಿದಳು. ಬಗ್ಗಿ ದೊಡ್ಡ ಎಲೆಯೊಂದನ್ನು ಎತ್ತಿದಳು.

ದುರಗೇಶ ನೋಡಿದ. "ಅಯ್ಯ! ಯವ್ವಾ, ಕಾಯಿ!" ಎಂದು ಕೈ ಚಾಚಿ ಬೆರಳು ಮಾಡಲು ಹೋದವನು ಅರ್ಧಕ್ಕೇ ತಡೆದುಕೊಂಡ. ಇಂಥದ್ದಕ್ಕೆಲ್ಲ ನಗುತ್ತಿದ್ದ ಮಗ ಬೆರಳು ಮಡಚಿದ. ಮಡಚಿದ ಗೆಣ್ಣಿನಿಂದಲೇ ಆಂಜನೇಯನಿಗೆ ತೋರಿಸಿದ. "ಇಲ್ಲಿ ಬ್ಯಾಡ ಮಾರಾಯ. ಗಾಡಿ ನಿಲ್ಲೂವಷ್ಟು ಬಾಗಲದ ಕಡೆ ಹಾಕು. ಈ ಕಡೆ ಮಣ್ಣು ಹಂಗ ಇರಲಿ."

ದುರಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರು ಎಂದು ಹೇಳಿಕೊಂಡಳು.

"ಇಷ್ಟ ದಿನ ಇಲ್ದದ್ದು ಈಗ ಹೆಂಗ ಕಚ್ಚಿತವ್ವಾ?" ಎಂದು ಕೇಳಿದ ದುರಗೇಶ.

"ನನ್ನ ಕೇಳಬ್ಯಾಡ. ಅದು ನಿಮ್ಮಪ್ಪಂದು" ಎಂದಳು.

ಹೊಳಿಯಪ್ಪ ಅಲ್ಲಿರಲಿಲ್ಲ. ಆಂಜನೇಯ ಎಲ್ಲರಿಗೂ ಚಹಾ ಬಂದದ್ದು ನೋಡಿ, "ಕಾಕಾ ಎಲ್ಲಿ?" ಎಂದ. ಸುರೇಖಾ ಅತ್ತೆಯ ಮಾತು ಮೊದಲೇ ಬಲ್ಲವಳಂತೆ ನಗುತ್ತ ನಿಂತಳು. ದುರಗಮ್ಮ ಹಳೆಯ ರೂಢಿಯಂತೆ "ನಮ್ಮನಿ..." ಎಂದು ಬಾಯಿ ತೆರೆದು, ಅಷ್ಟಕ್ಕೇ ನಿಲ್ಲಿಸಿದಳು. ಚಹಾದ ಲೋಟ ತಾನೇ ಎತ್ತಿಕೊಂಡು ಬಚ್ಚಲ ಕಡೆ ನಡೆದಳು. ಅವನು ತಗಡಿನ ಮೇಲಿನ ಹೂವುಗಳನ್ನು ನೋಡುತ್ತ ನಿಂತಿದ್ದ. ಲೋಟ ಅವನ ಕೈಗಿಟ್ಟು, ಪಕ್ಕದಲ್ಲಿ ನಿಂತು, ತಾನೂ ನೋಡಿದಳು.